ಚೀಲ ಬರಿದಾಗಿಯೇ ಉಳಿದರೆ...

ಓದುಗ ಸೋದರಿಯೊಬ್ಬರು ಬರೆದ ನಾಲ್ಕು ಪುಟಗಳ ಪತ್ರ ನನ್ನ ಮೇಜಿನ ಮೇಲಿದೆ. ಅವರ ಪತಿಗೆ 38 ವರ್ಷ. ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆ ಔಷಧಿಗೆ ಜಗ್ಗದೆ ಹೋದುದರಿಂದ ಎರಡು ವರ್ಷಗಳ ಹಿಂದೆ ಅವರ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಭಾಗದಲ್ಲಿ ಹೊರಕ್ಕೆ ತಂದು ಹೊಲಿಯಲಾಗಿದೆ. ಮಲ ಅಲ್ಲಿಂದಲೇ ಹೊರಬಂದು ಚೀಲವೊಂದರಲ್ಲಿ ಸಂಗ್ರಹವಾಗುತ್ತದೆ. ಮೊದಲ ಆರು ತಿಂಗಳು ಬಹಳ ಕಷ್ಟವಾಯಿತು, ಆಮೇಲೆ ರೂಢಿಯಾಯಿತು, ಕೆಲಸಕ್ಕೂ ಹೋಗತೊಡಗಿದರು ಎಂದು ಆಕೆ ಬರೆದಿದ್ದಾರೆ.

ತೊಂದರೆ ಶುರುವಾದದ್ದು ಸಂಕ್ರಾಂತಿಯ ರಾತ್ರಿ. ನೆರೆಹೊರೆಯವರು ತಂದುಕೊಟ್ಟ ಎಳ್ಳುಬೆಲ್ಲ, ಬೇಯಿಸಿದ ಕಡಲೆಕಾಯಿ, ಒಂದೆರಡು ಗೆಣ್ಣು ಕಬ್ಬು ತಿಂದಿದ್ದರು. ರಾತ್ರಿ ಹತ್ತರ ಸುಮಾರಿಗೆ ಹೊಟ್ಟೆ ಹಿಂಡತೊಡಗಿತು. ಚೀಲ ನೋಡಿದರೆ ಖಾಲಿ. ಮನೆಯ ಹಿರಿಯರು ‘ಮಲ ಕಟ್ಟಿದೆ, ಬೇರೇನೂ ಅಲ್ಲ’ ಎಂದು ಹರಳೆಣ್ಣೆ ಕುಡಿಸಿದರು. ಬೆಳಗಿನ ಜಾವಕ್ಕೆ ಹೊಟ್ಟೆ ಮದ್ದಳೆಯಂತೆ ಬಿಗಿದು ಹಸಿರು ವಾಂತಿ ಶುರುವಾಯಿತು. ಆಸ್ಪತ್ರೆಯಲ್ಲಿ ಎರಡು ದಿನ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ ಮೇಲೆ ತಾನಾಗಿಯೇ ಸರಿಹೋಯಿತು. ಆದರೆ ಆಷಾಢದಲ್ಲಿ ಬರೀ ಮೊಸರನ್ನ ಉಂಡ ದಿನ ಮತ್ತೆ ಅದೇ ನೋವು, ಅದೇ ವಾಂತಿ. ಈ ಸಲ ಐದು ದಿನ. ‘ಒಳಗೆ ಕರುಳು ಅಂಟಿಕೊಂಡಿರಬಹುದು, ಪದೇ ಪದೇ ಹೀಗಾದರೆ ಆಪರೇಷನ್ ಬಗ್ಗೆ ಯೋಚಿಸಬೇಕಾಗುತ್ತದೆ’ ಎಂದು ವೈದ್ಯರು ಹೇಳಿ ಕಳಿಸಿದ್ದಾರೆ.

ಅಂದಿನಿಂದ ಆ ಮನುಷ್ಯ ಗಂಜಿ ಮತ್ತು ಬ್ರೆಡ್ಡು ಬಿಟ್ಟು ಬೇರೇನನ್ನೂ ಮುಟ್ಟುತ್ತಿಲ್ಲ. 9 ಕಿಲೋ ತೂಕ ಇಳಿದಿದ್ದಾರೆ. ‘ಏನು ಅಡುಗೆ ಮಾಡಲಿ ಎಂದು ತಿಳಿಯದೆ ಒಲೆಯ ಮುಂದೆ ಸುಮ್ಮನೆ ನಿಲ್ಲುತ್ತೇನೆ’ ಎಂದು ಆಕೆ ಬರೆದಿದ್ದಾರೆ. ಅವರ ಪ್ರಶ್ನೆಗಳು ಮೂರು. ಇದು ಊಟದಿಂದ ಆದದ್ದೋ, ಅಂಟಿಕೆಯಿಂದ ಆದದ್ದೋ? ಮತ್ತೆ ಬಂದರೆ ಮನೆಯಲ್ಲಿ ಎಷ್ಟು ಹೊತ್ತು ಕಾಯಬಹುದು? ಮತ್ತೊಂದು ಆಪರೇಷನ್ ಮಾಡಿಸಬೇಕೇ?

ಈ ಪ್ರಶ್ನೆಗಳು ಈ ಒಂದು ಮನೆಯವು ಮಾತ್ರ ಅಲ್ಲವಾದ್ದರಿಂದ ಇಂದಿನ ಅಂಕಣವನ್ನು ಇದಕ್ಕೇ ಮೀಸಲಿಡುತ್ತಿದ್ದೇನೆ.

ಹೊಟ್ಟೆಯ ಮೇಲೊಂದು ಬಾಯಿ

ಸಣ್ಣ ಕರುಳಿನ ಕೊನೆಯ ಭಾಗಕ್ಕೆ ಇಲಿಯಂ ಎಂದು ಹೆಸರು. ಅದನ್ನು ಹೊಟ್ಟೆಯ ಗೋಡೆಯ ಮೂಲಕ ಹೊರಕ್ಕೆ ತರುವ ಶಸ್ತ್ರಚಿಕಿತ್ಸೆಯೇ ಇಲಿಯಾಸ್ಟಮಿ. ಹೀಗೆ ಹೊರಬಂದ ತುದಿಗೆ ಸ್ಟೋಮಾ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಬಾಯಿ ಎಂದೇ ಅರ್ಥ. ನಮ್ಮ ತುಟಿಯ ಒಳಭಾಗದಂತೆ ಕೆಂಪಗೆ, ಒದ್ದೆಯಾಗಿ ಇರುತ್ತದೆ. ಮುಟ್ಟಿದರೆ ನೋವಾಗುವುದಿಲ್ಲ. ಹಿಂದೆ ಈ ತುದಿಯನ್ನು ಚರ್ಮದ ಮಟ್ಟಕ್ಕೇ ಹೊಲಿಯುತ್ತಿದ್ದುದರಿಂದ ಜೀರ್ಣರಸ ತಾಗಿ ಸುತ್ತಲಿನ ಚರ್ಮ ಸುಟ್ಟಂತಾಗುತ್ತಿತ್ತು; ತುದಿಯೂ ಊದಿಕೊಂಡು ಕಟ್ಟಿಕೊಳ್ಳುತ್ತಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಬ್ರಯನ್ ಬ್ರೂಕ್ ಎಂಬ ಶಸ್ತ್ರವೈದ್ಯರು 1952ರಲ್ಲಿ, ಅಂಗಿಯ ತೋಳನ್ನು ಮಡಿಸಿದಂತೆ ಕರುಳಿನ ತುದಿಯನ್ನು ಹೊರಮಗ್ಗುಲಾಗಿ ಮಡಿಸಿ ಸಣ್ಣ ಮೂತಿಯಂತೆ ನಿಲ್ಲಿಸುವ ಕ್ರಮವನ್ನು ಪ್ರಕಟಿಸಿದರು. ಇಂದಿಗೂ ಜಗತ್ತಿನಾದ್ಯಂತ ಅದೇ ಕ್ರಮ.

ಪಾಶ್ಚಾತ್ಯ ದೇಶಗಳಲ್ಲಿ ಈ ಶಸ್ತ್ರಚಿಕಿತ್ಸೆಗೆ ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಕಾಯಿಲೆ, ಕರುಳಿನ ಕ್ಯಾನ್ಸರ್ ಮುಖ್ಯ ಕಾರಣಗಳು. ನಮ್ಮಲ್ಲಿ ಇವುಗಳ ಜೊತೆಗೆ ಟೈಫಾಯಿಡ್ ಜ್ವರದಿಂದ ಕರುಳು ತೂತಾಗುವುದು, ಕರುಳಿನ ಕ್ಷಯ, ರಸ್ತೆ ಅಪಘಾತ ಇವೂ ಸೇರುತ್ತವೆ. ಹೀಗಾಗಿ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಹೊಟ್ಟೆಯ ಮೇಲೆ ಚೀಲ ಹೊತ್ತವರಲ್ಲಿ ಹರೆಯದವರೂ ಇರುತ್ತಾರೆ. ಅಂಥ ಎಷ್ಟೋ ಮಂದಿಗೆ ಇದು ಎರಡು ಮೂರು ತಿಂಗಳ ತಾತ್ಕಾಲಿಕ ಏರ್ಪಾಡು. ಆಮೇಲೆ ಕರುಳನ್ನು ಮತ್ತೆ ಜೋಡಿಸಿ ಒಳಗೆ ಸೇರಿಸುತ್ತಾರೆ. ಉಳಿದವರಿಗೆ ಇದು ಜೀವನಪೂರ್ತಿಯ ಸಂಗಾತಿ.

ದೊಡ್ಡ ಕರುಳಿನ ಕೆಲಸವೇ ನೀರನ್ನೂ ಉಪ್ಪನ್ನೂ ಹೀರಿಕೊಂಡು ಮಲವನ್ನು ಗಟ್ಟಿ ಮಾಡುವುದು. ಅದಿಲ್ಲದ ಮೇಲೆ ಚೀಲಕ್ಕೆ ಬೀಳುವುದು ಗಂಜಿಯಂಥ ತೆಳು ಪದಾರ್ಥ. ಎಲ್ಲವೂ ಹದಕ್ಕೆ ಬಂದ ಮೇಲೆ ದಿನಕ್ಕೆ ಸುಮಾರು 500ರಿಂದ 1000 ಮಿಲಿ ಲೀಟರ್. ಆದ್ದರಿಂದ ಒಂದು ಮಾತನ್ನು ಮನೆಯವರೆಲ್ಲ ನೆನಪಿಡಬೇಕು: ಇಲಿಯಾಸ್ಟಮಿ ಇದ್ದವರಿಗೆ ಮಲಬದ್ಧತೆ ಎಂಬುದೇ ಇಲ್ಲ. ಹೊಟ್ಟೆ ನೋಯುತ್ತಿದ್ದು ಚೀಲ ಖಾಲಿಯಿದ್ದರೆ ಅದು ಮಲ ಕಟ್ಟಿದ್ದಲ್ಲ, ದಾರಿ ಕಟ್ಟಿದ್ದು. ಹರಳೆಣ್ಣೆ, ಭೇದಿ ಮಾತ್ರೆ, ಇಸಬ್‌ಗೋಲ್ ಯಾವುದನ್ನೂ ಆಗ ಕೊಡಕೂಡದು. ಮುಂದೆ ಬಾಗಿಲು ಮುಚ್ಚಿರುವಾಗ ಹಿಂದಿನಿಂದ ನೂಕಿದರೆ ಏನಾಗುತ್ತದೋ ಅದೇ ಆಗುತ್ತದೆ.

ದಾರಿ ಕಟ್ಟುವುದು ಹೇಗೆ?

ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಆಹಾರ ಸಿಕ್ಕಿಕೊಳ್ಳುವುದು. ಹೊಟ್ಟೆಯ ಗೋಡೆಯ ಸ್ನಾಯುಗಳ ನಡುವೆ ಕರುಳು ಹೊರಬರುವ ಜಾಗ ಸಹಜವಾಗಿಯೇ ಇಕ್ಕಟ್ಟಾದದ್ದು. ಶಸ್ತ್ರಚಿಕಿತ್ಸೆಯಾದ ಮೊದಲ ಆರರಿಂದ ಎಂಟು ವಾರ ಊತವೂ ಇರುವುದರಿಂದ ಇನ್ನಷ್ಟು ಇಕ್ಕಟ್ಟು. ಜೀರ್ಣವಾಗದ ನಾರು, ಸಿಪ್ಪೆ, ಬೀಜ ಒಂದಕ್ಕೊಂದು ಹೆಣೆದುಕೊಂಡು ಉಂಡೆಯಾಗಿ ಅಲ್ಲಿಗೆ ಬಂದು ನಿಲ್ಲುತ್ತವೆ. ಅಡುಗೆಮನೆಯ ಬಚ್ಚಲಿನ ಜಾಲರಿಯಲ್ಲಿ ತರಕಾರಿ ಸಿಪ್ಪೆ ಕಟ್ಟಿಕೊಂಡಂತೆ. ಊಟವಾದ ಕೆಲವು ಗಂಟೆಗಳಲ್ಲಿ ನೋವು ಶುರುವಾಗಿ, ಉಂಡೆ ಸರಿದ ಕೂಡಲೇ ‘ಧೋ’ ಎಂದು ಚೀಲ ತುಂಬಿ ನೋವು ನಿಲ್ಲುತ್ತದೆ. ಪತ್ರದಲ್ಲಿರುವ ಸಂಕ್ರಾಂತಿಯ ರಾತ್ರಿಯ ಕಥೆ ಬಹುಮಟ್ಟಿಗೆ ಇದೇ ಇರಬೇಕು.

ಎರಡನೆಯದು ಅಂಟಿಕೆ. ವೈದ್ಯರು ಅಡ್ಹೀಷನ್ ಎನ್ನುತ್ತಾರೆ. ಕರುಳಿನ ಹೊರಮೈಯನ್ನೂ ಹೊಟ್ಟೆಯ ಒಳಗೋಡೆಯನ್ನೂ ಪೆರಿಟೋನಿಯಂ ಎಂಬ ನುಣುಪಾದ, ಜಾರುವ ಪೊರೆ ಆವರಿಸಿದೆ. ಇದರಿಂದಾಗಿಯೇ ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳು ಒಂದರ ಮೇಲೊಂದು ಸುರುಳಿಯಾಗಿ ಬಿದ್ದಿದ್ದರೂ ಸಲೀಸಾಗಿ ಅಲುಗಾಡುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಕೈ ಆಡಿದಾಗ, ಕೀವು ರಕ್ತ ಸೋರಿದಾಗ, ಗಾಳಿಗೆ ಒಣಗಿದಾಗ ಈ ಪೊರೆಗೆ ಗಾಯವಾಗುತ್ತದೆ. ಗಾಯ ಮುಚ್ಚಲು ದೇಹ ಫೈಬ್ರಿನ್ ಎಂಬ ಅಂಟನ್ನು ಸುರಿಸುತ್ತದೆ. ಕೆಲವೇ ದಿನಗಳಲ್ಲಿ ಆ ಅಂಟು ಕರಗಿಹೋದರೆ ಸರಿ. ಕರಗದೆ ಉಳಿದದ್ದು ಗಟ್ಟಿ ನಾರಿನ ಪಟ್ಟಿಯಾಗಿ, ಕರುಳನ್ನು ಕರುಳಿಗೋ ಹೊಟ್ಟೆಯ ಗೋಡೆಗೋ ಕಟ್ಟಿಹಾಕುತ್ತದೆ.

ಗಾಬರಿಯಾಗಬೇಡಿ. ಹೊಟ್ಟೆ ತೆರೆದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಒಂದಿಷ್ಟು ಅಂಟಿಕೆ ಇದ್ದೇ ಇರುತ್ತದೆ. ಬಹುಪಾಲು ಜನರಿಗೆ ಅದು ಇದೆಯೆಂಬುದೇ ಗೊತ್ತಾಗುವುದಿಲ್ಲ. ಕರುಳು ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನಂತೆ ಪಟ್ಟಿಯ ಮೇಲೆ ಮಡಿಸಿಕೊಂಡಾಗ ಅಥವಾ ಪಟ್ಟಿಯ ಅಡಿಯಲ್ಲಿ ನುಸುಳಿ ಸಿಕ್ಕಿಕೊಂಡಾಗ ಮಾತ್ರ ತೊಂದರೆ. ಇದಕ್ಕೆ ಕಾಲದ ಲೆಕ್ಕವಿಲ್ಲ. ಶಸ್ತ್ರಚಿಕಿತ್ಸೆಯಾದ ತಿಂಗಳಿಗೂ ಬರಬಹುದು, 20 ವರ್ಷಕ್ಕೂ ಬರಬಹುದು. ಊಟಕ್ಕೂ ಇದಕ್ಕೂ ನೇರ ಸಂಬಂಧ ಇರಲೇಬೇಕೆಂದಿಲ್ಲ. ಮೊಸರನ್ನದ ದಿನ ಬಂದ ನೋವಿನ ಹಿಂದೆ ಇದು ಇದ್ದಿರಬಹುದು. ಎರಡೂ ಒಟ್ಟಿಗೆ ಸೇರುವುದೂ ಉಂಟು. ಅಂಟಿಕೆಯಿಂದ ಅರ್ಧ ಮಡಿಸಿಕೊಂಡ ಕರುಳಿನಲ್ಲಿ ತೆಂಗಿನ ತುರಿಯ ಸಣ್ಣ ಉಂಡೆ ಸಾಕು, ದಾರಿ ಮುಚ್ಚಲು.

ಹಿಂದೆ ಶಸ್ತ್ರವೈದ್ಯರ ಕೈಗವಸುಗಳಿಗೆ ಹಚ್ಚುತ್ತಿದ್ದ ಪುಡಿಯೂ ಅಂಟಿಕೆಗೆ ಕಾರಣವಾಗುತ್ತದೆಂದು ತಿಳಿದು, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರ ಜನವರಿಯಿಂದ ಅಂಥ ಗವಸುಗಳನ್ನು ನಿಷೇಧಿಸಿತು. ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಿಂದಲೂ ಅಂಟಿಕೆ ಕಡಿಮೆಯಾಗಿದೆ. ಆದರೆ ಆಗಿಹೋದ ಅಂಟಿಕೆಯನ್ನು ಕರಗಿಸುವ ಮಾತ್ರೆಯಾಗಲಿ ಲೇಹ್ಯವಾಗಲಿ ಇಲ್ಲ. ಇದೆ ಎಂದು ಯಾರಾದರೂ ಹೇಳಿದರೆ ನಿಮ್ಮ ಜೇಬು ಭದ್ರವಾಗಿ ಹಿಡಿದುಕೊಳ್ಳಿ.

ಇವೆರಡನ್ನು ಬಿಟ್ಟರೆ ಸ್ಟೋಮಾದ ಪಕ್ಕದಲ್ಲಿ ಅಂಡವಾಯುವಿನಂತೆ ಕರುಳು ಉಬ್ಬಿಕೊಳ್ಳುವುದು, ಸ್ಟೋಮಾದ ಬಾಯಿಯೇ ಕಿರಿದಾಗುವುದು, ಕ್ರೋನ್ಸ್ ಅಥವಾ ಕ್ಷಯ ಮರುಕಳಿಸುವುದು ಇವೂ ಕಾರಣವಾಗಬಲ್ಲವು. ಪದೇ ಪದೇ ಅಡಚಣೆಯಾದರೆ ವೈದ್ಯರು ಇವನ್ನೂ ಹುಡುಕಬೇಕು.

ಎಷ್ಟು ಹೊತ್ತು ಕಾಯಬಹುದು?

ಚೀಲ ಎರಡು ಮೂರು ಗಂಟೆ ಖಾಲಿಯಿದ್ದ ಮಾತ್ರಕ್ಕೆ ಹೆದರಬೇಕಾಗಿಲ್ಲ. ರಾತ್ರಿಯ ಹೊತ್ತು, ಉಪವಾಸದ ದಿನ ಹಾಗಾಗುವುದು ಸಹಜ. ನೋವಿಲ್ಲ, ವಾಂತಿಯಿಲ್ಲ ಎಂದಮೇಲೆ ಚಿಂತೆಯಿಲ್ಲ. ಅಲೆ ಅಲೆಯಾಗಿ ಬಂದು ಹೋಗುವ ಹಿಂಡುವ ನೋವು, ಹೊಟ್ಟೆ ಉಬ್ಬರ, ಸ್ಟೋಮಾ ಎಂದಿಗಿಂತ ಊದಿಕೊಂಡಿರುವುದು ಇವು ಜೊತೆಗೂಡಿದಾಗ ಗಡಿಯಾರ ನೋಡಿಕೊಳ್ಳಿ.

ಇಲ್ಲಿ ಒಂದು ಮೋಸದ ಲಕ್ಷಣವಿದೆ. ದಾರಿ ಪೂರ್ತಿ ಮುಚ್ಚದೆ ಅರ್ಧ ಮುಚ್ಚಿದಾಗ ಗಟ್ಟಿ ಪದಾರ್ಥ ಹಿಂದೆ ಉಳಿದು, ನೀರು ಮಾತ್ರ ಸಂದಿಯಿಂದ ನುಸುಳಿ ಬರುತ್ತದೆ. ಚೀಲಕ್ಕೆ ದುರ್ವಾಸನೆಯ ತೆಳು ನೀರು ಚಿಮ್ಮುತ್ತದೆ. ಮನೆಯವರು ಇದನ್ನು ಭೇದಿ ಎಂದು ತಿಳಿಯುತ್ತಾರೆ. ರೋಗಿಯ ಬಳಿ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಹೇಗೂ ಇರುತ್ತದೆ, ನುಂಗಿಬಿಡುತ್ತಾರೆ. ಕರುಳಿನ ಚಲನೆಯನ್ನೇ ಕುಗ್ಗಿಸುವ ಆ ಮಾತ್ರೆ ಇಂಥ ಹೊತ್ತಿನಲ್ಲಿ ಅಡಚಣೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ನೀರಾಗಿ ಹೋಗುತ್ತಿದೆ, ಜೊತೆಗೆ ಹೊಟ್ಟೆ ಹಿಂಡುತ್ತಿದೆ, ಉಬ್ಬಿದೆ ಎಂದಾದರೆ ಆ ಮಾತ್ರೆ ಡಬ್ಬಿಯಲ್ಲೇ ಇರಲಿ.

ವಾಂತಿಯಿಲ್ಲದೆ, ಸ್ವಲ್ಪವಾದರೂ ಚೀಲಕ್ಕೆ ಬೀಳುತ್ತಿದ್ದರೆ ಮನೆಯಲ್ಲಿ ಕೆಲವು ಉಪಾಯಗಳನ್ನು ಮಾಡಿ ನೋಡಬಹುದು. ಗಟ್ಟಿ ಆಹಾರವನ್ನು ತಕ್ಷಣ ನಿಲ್ಲಿಸಿ. ಓಆರ್‌ಎಸ್ ದ್ರಾವಣ, ಉಪ್ಪು ಹಾಕಿದ ಗಂಜಿತಿಳಿ, ತೆಳು ಚಹಾ ಗುಟುಕು ಗುಟುಕಾಗಿ ಕುಡಿಯಲಿ. ಊದಿದ ಸ್ಟೋಮಾವನ್ನು ಚೀಲದ ಅಂಟುಬಿಲ್ಲೆಯ ತೂತು ಬಿಗಿಯುತ್ತಿದ್ದರೆ ಅದನ್ನು ತೆಗೆದು ತೂತು ಸ್ವಲ್ಪ ದೊಡ್ಡದಾಗಿ ಕತ್ತರಿಸಿದ ಬೇರೆಯದನ್ನು ಹಾಕಿ. ಈ ಸಣ್ಣ ಕೆಲಸ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಬಿಸಿನೀರ ಸ್ನಾನದಿಂದ ಹೊಟ್ಟೆಯ ಸ್ನಾಯುಗಳ ಬಿಗಿ ಸಡಿಲವಾಗುತ್ತದೆ. ಬೆನ್ನ ಮೇಲೆ ಮಲಗಿ ಮೊಣಕಾಲುಗಳನ್ನು ಎದೆಯ ಕಡೆಗೆ ಮಡಿಸಿ, ಸ್ಟೋಮಾದ ಸುತ್ತ ಬೆರಳ ತುದಿಯಿಂದ ಮೆಲ್ಲಗೆ ನೀವಬಹುದು. ಮೆಲ್ಲಗೆ ಎಂಬುದಕ್ಕೆ ಅಡಿಗೆರೆ ಎಳೆದುಕೊಳ್ಳಿ. ಹೊಟ್ಟೆ ನೀವುವವರನ್ನು ಕರೆಸಿ ಎಣ್ಣೆ ಹಚ್ಚಿ ಒತ್ತಿಸುವುದು ಖಂಡಿತ ಬೇಡ. ಸ್ಟೋಮಾದೊಳಗೆ ಬೆರಳು, ನಳಿಕೆ, ಎನಿಮಾ ಯಾವುದನ್ನೂ ತೂರಿಸಬೇಡಿ.

ಆಸ್ಪತ್ರೆಗೆ ಹೊರಡಬೇಕಾದದ್ದು ಯಾವಾಗ? ಹಿಂಡುವ ನೋವಿನೊಂದಿಗೆ ನಾಲ್ಕರಿಂದ ಆರು ಗಂಟೆ ಕಾಲ ಚೀಲಕ್ಕೆ ಏನೂ ಬೀಳದಿದ್ದರೆ. ವಾಂತಿ ಶುರುವಾದರೆ ಅಷ್ಟು ಕಾಯುವುದೂ ಬೇಡ. ಆಗ ಬಾಯಿಗೆ ನೀರನ್ನೂ ಕೊಡದೆ ಹೊರಡಿ. ಬಂದುಹೋಗುತ್ತಿದ್ದ ನೋವು ಬಿಡದೆ ಒಂದೇ ಸಮನೆ ನಿಂತರೆ, ಜ್ವರ ಬಂದರೆ, ನಾಡಿ ವೇಗವಾದರೆ, ಸ್ಟೋಮಾ ಕೆಂಪು ಬಣ್ಣ ಬಿಟ್ಟು ನೇರಳೆಯೋ ಕಪ್ಪೋ ಆದರೆ ಒಂದು ನಿಮಿಷವನ್ನೂ ಕಳೆಯಬೇಡಿ. ಕರುಳಿಗೆ ರಕ್ತ ಹೋಗುತ್ತಿಲ್ಲ ಎಂಬುದರ ಗುರುತು ಇದು. ನೇಣು ಬಿಗಿದ ಕರುಳು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಬೆಳಗಾಗಲಿ, ಮೊದಲ ಬಸ್ಸು ಬರಲಿ ಎಂದು ಕಾದು ಕರುಳನ್ನು ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ರಕ್ತನಾಳದ ಮೂಲಕ ಉಪ್ಪುನೀರು ಏರಿಸುತ್ತಾರೆ. ಕಟ್ಟಿಕೊಂಡ ಕರುಳಿನೊಳಗೆ ಲೀಟರುಗಟ್ಟಲೆ ದ್ರವ ನಿಂತುಬಿಡುವುದರಿಂದ ರೋಗಿ ಒಳಗೇ ಒಣಗಿರುತ್ತಾನೆ. ಮೂಗಿನ ಮೂಲಕ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಹಿಂಸೆಯೆನಿಸಿದರೂ ಅದರಿಂದ ಹೊಟ್ಟೆಯ ಒತ್ತಡ ಇಳಿದು ವಾಂತಿ ನಿಲ್ಲುತ್ತದೆ. ದಯವಿಟ್ಟು ಕಿತ್ತುಹಾಕಬೇಡಿ. ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್‌ನಲ್ಲಿ ಕರುಳು ಎಲ್ಲಿಯವರೆಗೆ ಉಬ್ಬಿದೆ, ಎಲ್ಲಿಂದ ಚಪ್ಪಟೆಯಾಗಿದೆ ಎಂಬುದು ಕಾಣುತ್ತದೆ. ಆ ಸಂಧಿಯೇ ಅಡಚಣೆಯ ಜಾಗ. ಅದು ಸ್ಟೋಮಾದ ಬುಡದಲ್ಲೇ ಇದ್ದರೆ ಆಹಾರದ ಉಂಡೆಯೆಂದು ಊಹಿಸಬಹುದು. ತಿಳಿದ ವೈದ್ಯರೋ ತರಬೇತಾದ ದಾದಿಯೋ ಮೆತ್ತನೆಯ ನಳಿಕೆಯ ಮೂಲಕ ಸ್ವಲ್ಪ ಸ್ವಲ್ಪವೇ ಬೆಚ್ಚಗಿನ ಸಲೈನ್ ಬಿಟ್ಟು ಉಂಡೆಯನ್ನು ಸಡಿಲಿಸುತ್ತಾರೆ. ಅಡಚಣೆ ಒಳಗೆಲ್ಲೋ ಇದ್ದರೆ ಅಂಟಿಕೆಯ ಅನುಮಾನ ಬಲವಾಗುತ್ತದೆ. ಆಗ ನೀರಿನಲ್ಲಿ ಕರಗುವ ಬಣ್ಣದ್ರವವನ್ನು ನಳಿಕೆಯ ಮೂಲಕ ಕೊಟ್ಟು ಎಕ್ಸ್‌ರೇ ತೆಗೆಯುವುದುಂಟು. ಒಂದು ದಿನದೊಳಗೆ ಅದು ಚೀಲಕ್ಕೆ ಬಂದು ಬಿದ್ದರೆ ಶಸ್ತ್ರಚಿಕಿತ್ಸೆಯಿಲ್ಲದೆ ಸರಿಹೋಗುವ ಭರವಸೆ ಹೆಚ್ಚು.

ಕರುಳಿನ ಅಡಚಣೆಯ ಮೇಲೆ ಸೂರ್ಯ ಹುಟ್ಟಲೂ ಬಾರದು, ಮುಳುಗಲೂ ಬಾರದು ಎಂಬುದು ಹಳೆಯ ಶಸ್ತ್ರವೈದ್ಯರ ನಂಬಿಕೆಯಾಗಿತ್ತು. ಕಂಡ ಕೂಡಲೇ ಹೊಟ್ಟೆ ತೆರೆಯುತ್ತಿದ್ದರು. ಈಗ ಹಾಗಿಲ್ಲ. ರಕ್ತ ಪೂರೈಕೆ ನಿಂತ ಗುರುತುಗಳಿಲ್ಲದಿದ್ದರೆ ಎಚ್ಚರದಿಂದ ಗಮನಿಸುತ್ತ ಮೂರು ದಿನಗಳವರೆಗೆ ಕಾಯುತ್ತಾರೆ. ಅಂಟಿಕೆಯ ಅಡಚಣೆಗಳಲ್ಲಿ ಹೆಚ್ಚಿನವು ಅಷ್ಟರಲ್ಲಿ ಬಿಡಿಸಿಕೊಳ್ಳುತ್ತವೆ. ‘ಡಾಕ್ಟರು ಏನೂ ಮಾಡದೆ ಸುಮ್ಮನೆ ಮಲಗಿಸಿದ್ದಾರೆ’ ಎಂದು ವಾರ್ಡಿನ ಹೊರಗೆ ಸಿಡಿಮಿಡಿಗೊಳ್ಳುವ ಬಂಧುಗಳು ಇದನ್ನು ತಿಳಿದಿರಬೇಕು. ಹೀಗೆ ಕಾಯುವುದೂ ಒಂದು ಚಿಕಿತ್ಸೆಯೇ. ಆದರೆ ದಿನಕ್ಕೆ ಹಲವು ಸಲ ಬಂದು ಹೊಟ್ಟೆ ಮುಟ್ಟಿ ನೋಡುವವರು ಇರಬೇಕು. ಯಾರೂ ಬಂದು ನೋಡುತ್ತಿಲ್ಲವಾದರೆ ಕೇಳುವ ಹಕ್ಕು ನಿಮಗಿದೆ.

ಒಲೆಯ ಮುಂದೆ ನಿಂತವರಿಗೆ

ಈಗ ಅಡುಗೆಯ ಮಾತು. ಎಳ್ಳುಬೆಲ್ಲದ ಬಟ್ಟಲನ್ನೊಮ್ಮೆ ನೋಡಿ. ಕೊಬ್ಬರಿ ಚೂರು, ಕಡಲೆಬೀಜ, ಹುರಿಗಡಲೆ, ಎಳ್ಳು. ಬೆಲ್ಲವೊಂದನ್ನು ಬಿಟ್ಟು ಉಳಿದದ್ದೆಲ್ಲ ಇಲಿಯಾಸ್ಟಮಿಯವರು ಹುಷಾರಾಗಿರಬೇಕಾದ ಪದಾರ್ಥಗಳೇ. ಅದರ ಮೇಲೆ ಕಬ್ಬಿನ ನಾರು. ಈ ಹಬ್ಬವನ್ನು ನಮ್ಮ ಹಿರಿಯರು ಕರುಳಿನ ಪರೀಕ್ಷೆಗೆಂದೇ ಏರ್ಪಡಿಸಿದಂತಿದೆ! ಒಳ್ಳೆಯ ಮಾತಾಡಲು ಬೆಲ್ಲದ ಒಂದು ಚೂರು ಸಾಕು. ಕಬ್ಬಿನ ಆಸೆಗೆ ಹಾಲು ಕುಡಿಯಬಹುದು, ಜಲ್ಲೆ ಅಗಿಯುವುದು ಬೇಡ.

ಇದೇ ಗುಂಪಿಗೆ ಸೇರಿದವು ಬಾಳೆದಿಂಡು, ಬಾಳೆಹೂವು, ನುಗ್ಗೆಕಾಯಿ, ಗೋರಿಕಾಯಿ, ಸೊಪ್ಪಿನ ದಂಟು, ಹಸಿ ಎಲೆಕೋಸು, ಮುಸುಕಿನ ಜೋಳ, ಪಾಪ್‌ಕಾರ್ನ್, ಅಣಬೆ, ಹಲಸಿನ ತೊಳೆ, ಅನಾನಸ್, ಸೀಬೆಯ ಬೀಜ, ಕಿತ್ತಳೆ ತೊಳೆಯ ಮೇಲಿನ ಪೊರೆ, ಒಣದ್ರಾಕ್ಷಿ. ಕೋಸಂಬರಿಯಲ್ಲಿ ನೆನೆಸಿದ ಹಸಿ ಬೇಳೆಯೂ ತೆಂಗಿನ ತುರಿಯೂ ಒಟ್ಟಿಗೆ ಇರುತ್ತವೆ. ತೆಂಗನ್ನು ಪೂರ್ತಿ ಬಿಡಿ ಎಂದು ಕನ್ನಡ ನಾಡಿನಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ತುರಿಯನ್ನು ಪಲ್ಯದ ಮೇಲೆ ಉದುರಿಸುವ ಬದಲು ನುಣ್ಣಗೆ ರುಬ್ಬಿ ಸಾಂಬಾರಿಗೆ ಸ್ವಲ್ಪ ಹಾಕಿ, ಅಥವಾ ಹಿಂಡಿ ಹಾಲನ್ನಷ್ಟೇ ಬಳಸಿ.

ನಮ್ಮ ಅಡುಗೆಯಲ್ಲಿ ಇದಕ್ಕೆ ಪರಿಹಾರಗಳೂ ಇವೆ. ಅವರೆಕಾಳಿನ ಕಾಲ ಬಂದರೆ ಬೆಂಗಳೂರು, ಮೈಸೂರು, ಕೋಲಾರದ ಮನೆಗಳಲ್ಲಿ ಕಾಳನ್ನು ನೆನೆಸಿ, ಬೆರಳಲ್ಲಿ ಹಿತುಕಿ, ಸಿಪ್ಪೆ ಹಾರಿಸಿ ಹಿತಕಿದಬೇಳೆ ಮಾಡುತ್ತಾರಲ್ಲ, ತೊಂದರೆ ಕೊಡುವ ಸಿಪ್ಪೆ ಅಲ್ಲಿಗೇ ಕಳೆಯಿತು. ಮೆತ್ತಗೆ ಬೇಯಿಸಿ, ಅಗಿದು ತಿಂದರೆ ಆ ಸಾರು ಹೆಚ್ಚಿನವರಿಗೆ ಒಗ್ಗುತ್ತದೆ. ಅದೇ ಕಾಳನ್ನು ಸಿಪ್ಪೆಸಮೇತ ಉಸಲಿ ಮಾಡಿದರೆ ಕಷ್ಟ. ಹೆಸರುಬೇಳೆ ತೊವ್ವೆ, ತಿಳಿಸಾರು, ಇಡ್ಲಿ, ಮೊಸರನ್ನ, ರಾಗಿ ಅಂಬಲಿ, ಸಿಪ್ಪೆ ಬೀಜ ತೆಗೆದು ಬೇಯಿಸಿದ ಸೋರೆ, ಪಡವಲ, ಸೀಮೆಬದನೆ, ಆಲೂಗಡ್ಡೆ, ಕ್ಯಾರೆಟ್, ಮಾಗಿದ ಬಾಳೆಹಣ್ಣು, ತಿನ್ನುವವರಾದರೆ ಮೊಟ್ಟೆ, ಮುಳ್ಳು ತೆಗೆದ ಮೀನು ಇವೆಲ್ಲ ಸಾಮಾನ್ಯವಾಗಿ ಸಲೀಸಾಗಿ ಹೋಗುತ್ತವೆ. ಸೊಪ್ಪು ಬೇಕೆಂದರೆ ದಂಟು ಬಿಟ್ಟು ಎಲೆಯನ್ನು ಬೇಯಿಸಿ ಮಸೆದು ಹಾಕಿ.

ಮುದ್ದೆಯ ವಿಷಯ ಬೇರೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದು ಹಳೆ ಮೈಸೂರು ಸೀಮೆಯ ಶಾಸ್ತ್ರ. ಚಿಕ್ಕಂದಿನಲ್ಲಿ ಅಗಿದು ತಿಂದು ಬೈಸಿಕೊಂಡವರಲ್ಲಿ ನಾನೂ ಒಬ್ಬ. ಇಲಿಯಾಸ್ಟಮಿ ಇದ್ದವರಿಗೆ ಈ ಶಾಸ್ತ್ರದಿಂದ ವಿನಾಯಿತಿ ಕೊಡಬೇಕು. ತೊಂದರೆ ಮುದ್ದೆಯೊಂದರಿಂದಲೇ ಅಲ್ಲ, ಅದರ ಜೊತೆಗೆ ಅಗಿಯದೆ ಇಳಿದುಹೋಗುವ ಕಾಳು, ಸೊಪ್ಪು, ಮಾಂಸದ ತುಂಡುಗಳಿಂದ. ಸಣ್ಣ ತುತ್ತು, ಬಸ್ಸಾರಿನ ತಿಳಿ, ನಿಧಾನ.

ಏನು ತಿಂದೆ ಎಂಬುದಕ್ಕಿಂತ ಹೇಗೆ ತಿಂದೆ, ಎಷ್ಟು ತಿಂದೆ ಎಂಬುದೇ ಎಷ್ಟೋ ಸಲ ಮುಖ್ಯವಾಗುತ್ತದೆ. ಮದುವೆಯ ಪಂಕ್ತಿಯಲ್ಲಿ ಕುಳಿತಾಗ ಮುಂದಿನ ಪಂಕ್ತಿಯವರು ಬೆನ್ನ ಹಿಂದೆಯೇ ಕುರ್ಚಿ ಹಿಡಿದು ನಿಂತಿರುತ್ತಾರೆ. ಆ ಅವಸರದಲ್ಲಿ ಅಗಿಯುವವರಾರು? ಅಂಥ ಕಡೆ ಮೊದಲ ಪಂಕ್ತಿಯ ಗೊಡವೆಗೆ ಹೋಗದೆ ಕೊನೆಯ ಪಂಕ್ತಿಯಲ್ಲಿ ಮನೆಯವರ ಜೊತೆ ಕೂತು ಉಣ್ಣುವುದು ಲೇಸು. ದಿನಕ್ಕೆ ಎರಡು ಭಾರೀ ಊಟದ ಬದಲು ನಾಲ್ಕೈದು ಸಣ್ಣ ಊಟ ಒಳ್ಳೆಯದು. ಹಲ್ಲಿಲ್ಲದವರು ಕಟ್ಟಿಸಿಕೊಳ್ಳಬೇಕು. ಮೊದಲ ಎಂಟು ವಾರ ಮೆತ್ತನೆಯ ಆಹಾರದಲ್ಲಿ ಕಳೆದ ಮೇಲೆ ಹೊಸ ಪದಾರ್ಥಗಳನ್ನು ಒಂದೊಂದಾಗಿ, ಎರಡು ಮೂರು ದಿನಕ್ಕೊಂದರಂತೆ, ಚಮಚದಷ್ಟರಿಂದ ಶುರುಮಾಡಿ. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗಬಹುದು. ಒಂದು ನೋಟುಪುಸ್ತಕದಲ್ಲಿ ದಿನಾಂಕ, ತಿಂದದ್ದು, ಆದದ್ದು ಬರೆದಿಡಿ. ಅಡಚಣೆ ಊಟದಿಂದಲೋ ಅಂಟಿಕೆಯಿಂದಲೋ ಎಂದು ವೈದ್ಯರಿಗೆ ಹೇಳುವ ಸಾಕ್ಷಿ ಈ ಪುಸ್ತಕವೇ.

ನೀರಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆಯಿದೆ. ಚೀಲದಿಂದ ನೀರಿನ ಜೊತೆಗೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಚೊಂಬುಗಟ್ಟಲೆ ಕುಡಿದರೆ ಕರುಳಿನಿಂದ ಇನ್ನಷ್ಟು ಉಪ್ಪು ಕೊಚ್ಚಿಹೋಗಿ ಆಯಾಸ, ಕಾಲಿನ ಸೆಳೆತ ಹೆಚ್ಚುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಉಪ್ಪು ಬೆರೆಸಿದ ಮಜ್ಜಿಗೆ, ಗಂಜಿ, ಹೆಚ್ಚು ಹೋಗುತ್ತಿದ್ದರೆ ಓಆರ್‌ಎಸ್ ಸೇರಿಸಿ. ರಕ್ತದೊತ್ತಡ, ಮೂತ್ರಪಿಂಡ, ಹೃದಯದ ತೊಂದರೆಯಿರುವವರು ಮಾತ್ರ ಉಪ್ಪಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು.

ಮತ್ತೊಂದು ಆಪರೇಷನ್ ಬೇಕೇ?

ಪತ್ರದ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು. ಅಂಟಿಕೆಯನ್ನು ಕತ್ತರಿಸಿ ಬಿಡಿಸಲು ಹೊಟ್ಟೆಯೊಳಗೆ ಕೈ ಹಾಕಲೇಬೇಕು. ಕೈ ಹಾಕಿದರೆ ಮತ್ತೆ ಗಾಯ, ಮತ್ತೆ ಅಂಟು. ಬಿಡಿಸುವಾಗ ಕರುಳು ತೂತಾಗುವ ಅಪಾಯವೂ ಉಂಟು. ಹೀಗಾಗಿ ಅನುಭವಿ ಶಸ್ತ್ರವೈದ್ಯರು ಅಂಟಿಕೆಗೆಂದೇ ಹೊಟ್ಟೆ ತೆರೆಯಲು ಹಿಂದೆಮುಂದೆ ನೋಡುತ್ತಾರೆ. ಇದು ಅವರ ಹೆದರಿಕೆಯಲ್ಲ, ವಿವೇಕ. ಕರುಳಿಗೆ ರಕ್ತ ನಿಂತಿದ್ದರೆ, ಮೂರು ದಿನವಾದರೂ ದಾರಿ ಬಿಡದಿದ್ದರೆ ಆಯ್ಕೆಯೇ ಇಲ್ಲ, ಮಾಡಲೇಬೇಕು. ವರ್ಷಕ್ಕೆ ಹಲವು ಸಲ ಆಸ್ಪತ್ರೆ ಸೇರುವಂತಾಗಿ, ಸ್ಕ್ಯಾನ್‌ನಲ್ಲಿ ಪ್ರತಿ ಸಲವೂ ಒಂದೇ ಜಾಗದಲ್ಲಿ ಕರುಳು ಮಡಿಸಿದ್ದು ಕಂಡರೆ, ಒಂಟಿ ಪಟ್ಟಿಯೊಂದನ್ನು ಕತ್ತರಿಸಿದರೆ ಮುಗಿಯಬಹುದೆಂಬ ಆಸೆಯಿಂದ ಮಾಡುವುದೂ ಸರಿಯೇ. ಇವೆರಡರ ನಡುವೆ ಇರುವವರಿಗೆ ನನ್ನ ಅಭಿಪ್ರಾಯ, ಕಾಯುವುದು ಒಳ್ಳೆಯದು.

ಆದ್ದರಿಂದ, ಸೋದರಿ, ಎರಡು ಸಲ ಬಂದು ತಾನಾಗಿಯೇ ಬಿಟ್ಟ ಅಡಚಣೆಗೆ ಈಗಲೇ ಆಪರೇಷನ್ ಎಂದು ಕಂಗಾಲಾಗಬೇಡಿ. ಮೊದಲು ಸ್ಟೋಮಾ ಮಾಡಿದ ಶಸ್ತ್ರವೈದ್ಯರನ್ನೇ ಕಂಡು, ಎರಡೂ ಸಲದ ದಾಖಲೆ ತೋರಿಸಿ, ನೋವಿಲ್ಲದ ದಿನಗಳಲ್ಲಿ ಒಂದು ಸ್ಕ್ಯಾನ್ ಬೇಕೇ ಎಂದು ಕೇಳಿ. ಸ್ಟೋಮಾದ ಬಾಯಿ ಕಿರಿದಾಗಿದೆಯೇ, ಪಕ್ಕದಲ್ಲಿ ಉಬ್ಬಿದೆಯೇ ಎಂದು ಅವರು ಪರೀಕ್ಷಿಸಲಿ. ಗಂಜಿ ಬ್ರೆಡ್ಡಿನಿಂದ ಅಂಟಿಕೆ ವಾಸಿಯಾಗುವುದಿಲ್ಲ. ಕಳೆದುಕೊಂಡ 9 ಕಿಲೋ ತೂಕ ಬರದಿದ್ದರೆ, ನಾಳೆ ಆಪರೇಷನ್ ಬೇಕಾಗಿಯೇ ಬಂದರೂ ತಡೆದುಕೊಳ್ಳುವ ಶಕ್ತಿ ಅವರಲ್ಲಿ ಇರುವುದಿಲ್ಲ. ನಾಳೆ ಬೆಳಿಗ್ಗೆ ಎರಡು ಇಡ್ಲಿಯಿಂದ ಶುರುಮಾಡಿ, ಚಟ್ನಿಯ ಬದಲು ಬೇಳೆಯ ತಿಳಿ ಕೊಡಿ. ಮಧ್ಯಾಹ್ನ ತೊವ್ವೆ ಅನ್ನಕ್ಕೆ ಒಂದು ಚಮಚ ತುಪ್ಪ. ನಾಲ್ಕು ದಿನ ಸುಸೂತ್ರವಾದರೆ ಸೋರೆಕಾಯಿ, ಆಮೇಲೆ ಮೊಟ್ಟೆ. ಪಕ್ಕದಲ್ಲಿ ಕೂತು ನೀವೂ ಅದನ್ನೇ ಊಟ ಮಾಡಿ. ಹೆದರಿದವರಿಗೆ ಒಬ್ಬರೇ ತಟ್ಟೆಯ ಮುಂದೆ ಕೂರುವುದು ಕಷ್ಟ.

ಇನ್ನೊಂದು ಕೆಲಸ. ಅಂಗೈಯಗಲದ ಕಾರ್ಡಿನಲ್ಲಿ ಇಷ್ಟು ಬರೆದು ಅವರ ಪರ್ಸಿನಲ್ಲಿಡಿ, ಅದರ ಚಿತ್ರವೊಂದು ಮನೆಯವರ ಮೊಬೈಲಿನಲ್ಲೂ ಇರಲಿ: ‘ನನಗೆ ಇಲಿಯಾಸ್ಟಮಿ ಆಗಿದೆ. ದೊಡ್ಡ ಕರುಳು ಇಲ್ಲ. ಭೇದಿ ಔಷಧ, ಎನಿಮಾ ಕೊಡಬೇಡಿ. ಹಿಂದೆ ಎರಡು ಸಲ ಕರುಳಿನ ಅಡಚಣೆಯಾಗಿದೆ.’ ಕೆಳಗೆ ಶಸ್ತ್ರಚಿಕಿತ್ಸೆಯ ದಿನಾಂಕ, ಶಸ್ತ್ರವೈದ್ಯರ ಹೆಸರು, ದೂರವಾಣಿ ಸಂಖ್ಯೆ, ಅವರ ರಕ್ತದ ಗುಂಪು. ಒಂದು ಜೊತೆ ಚೀಲ, ದೊಡ್ಡ ತೂತು ಕತ್ತರಿಸಿದ ಅಂಟುಬಿಲ್ಲೆ, ಕಳೆದ ಸಲದ ಡಿಸ್ಚಾರ್ಜ್ ಚೀಟಿ ಇವನ್ನು ಒಂದು ಕೈಚೀಲದಲ್ಲಿ ಹಾಕಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ. ರಾತ್ರಿ ಹೊರಡಬೇಕಾಗಿ ಬಂದರೆ ಹುಡುಕುವ ಕೆಲಸವಿರುವುದಿಲ್ಲ.